ಸೂಜಿಗಣ್ಣನ ಗುರುತು

ಪಾತ್ರೆ ಅಂಗಡಿಗಳ ಸಾಲಿನ ಕೊನೆಯಲ್ಲಿ, ಮೆಟ್ಟಿಲ ಕೆಳಗಿನ ಮೂರಡಿ ಜಾಗದಲ್ಲಿ ಕೂತು ಅವನು ಊರಿನವರ ಹೆಸರನ್ನೆಲ್ಲ ಕೆತ್ತುತ್ತಿದ್ದ. ತಟ್ಟೆ ಲೋಟದ ಮೇಲೆ ಕೊಂಡವರ ಹೆಸರು, ಕಪ್ಪಿನ ಮೇಲೆ ಗೆದ್ದವರ ಹೆಸರು, ಡಾಕ್ಟರ ಬಾಗಿಲಿಗೆ ಹಿತ್ತಾಳೆ ಫಲಕ, ಕೆಲಸದಿಂದ ನಿವೃತ್ತರಾಗುವವರಿಗೆ ಕೊಡುವ ಪೆನ್ನಿನ ಮೇಲೆ ‘ಪ್ರೀತಿಯಿಂದ’ ಎಂಬ ಸುಳ್ಳು. ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಸಾಸಿವೆ ಕಾಳಿನಷ್ಟು ಅಕ್ಷರವನ್ನೂ ಒಂದು ಗೆರೆ ಅಲುಗದಂತೆ ಇಳಿಸುತ್ತಿದ್ದ. ಬೀದಿಯವರು ಅವನನ್ನು ಸೂಜಿಗಣ್ಣ ಎನ್ನುತ್ತಿದ್ದರು. ಕೈ ಅಪ್ಪಟ ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ತಲೆಯ ವಿಷಯಕ್ಕೆ ಬಂದರೆ ಎರಡಲ್ಲ, ಹತ್ತು ಮಾತಿದ್ದವು.

ಮೊದಲನೆಯದು, ಅವನು ಯಾರನ್ನೂ ನಂಬುತ್ತಿರಲಿಲ್ಲ. ತರಕಾರಿಯವಳು ತೂಗಿಕೊಟ್ಟದ್ದನ್ನು ಮನೆಗೆ ತಂದು ಮತ್ತೆ ತೂಗುವವನು. ಹಾಲಿನವನು, ಗ್ಯಾಸಿನವನು, ಗಡಿಯಾರ ರಿಪೇರಿಯವನು, ಕೊನೆಗೆ ಹವಾಮಾನ ಹೇಳುವ ರೇಡಿಯೋದವಳೂ ತನಗೆ ಟೋಪಿ ಹಾಕಲೆಂದೇ ಹುಟ್ಟಿದವರು ಎಂದು ಅವನ ಲೆಕ್ಕ. ಎರಡನೆಯದು, ಅವನಿಗೆ ನಾಣ್ಯದ ಹುಚ್ಚು ಹಿಡಿದಿತ್ತು.

ಮೂರು ವರ್ಷದ ಹಿಂದೆ ಫೋನಿನಲ್ಲಿ ನೋಡಿದ ವೀಡಿಯೋದಲ್ಲಿ ಯಾರೋ ಒಬ್ಬ, ನಿಮ್ಮ ಜೇಬಿನಲ್ಲೇ ಲಕ್ಷ ಇರಬಹುದು ಎಂದು ಕೂಗಿದ್ದ. ಟಂಕಸಾಲೆಯಲ್ಲಿ ಅಚ್ಚು ಒತ್ತುವಾಗ ಸಾವಿರದಲ್ಲಿ ಲಕ್ಷದಲ್ಲಿ ಒಂದು ತಪ್ಪಾಗಿ ಬಿಡುತ್ತದೆ, ಆ ತಪ್ಪು ನಾಣ್ಯ ಕೈಯಿಂದ ಕೈಗೆ ಹೋಗುತ್ತಾ ಸಂತೆಯಲ್ಲೇ ತಿರುಗುತ್ತಿರುತ್ತದೆ, ಹುಡುಕುವ ಕಣ್ಣು ಬೇಕು ಅಷ್ಟೇ ಎಂದು. ಕಣ್ಣು! ಸೂಜಿಗಣ್ಣನಿಗೆ ತನ್ನನ್ನೇ ಹೆಸರು ಹಿಡಿದು ಕರೆದಂತಾಯಿತು. ಅವತ್ತಿನಿಂದ ಗಿರಾಕಿ ಕೊಟ್ಟ ನಾಣ್ಯ ಡಬ್ಬಿಗೆ ಬೀಳುವ ಮೊದಲು ಎರಡೂ ಮಗ್ಗುಲು ತೋರಿಸಿ, ಅಂಚು ತೋರಿಸಿ, ತೂಕ ಕೊಟ್ಟು ಹೋಗಬೇಕಾಯಿತು. “ಸ್ವಾಮಿ, ಅದು ಐದರ ನಾಣ್ಯ, ನನ್ನ ಎಕ್ಸ್‌ರೇ ಅಲ್ಲ. ಚಿಲ್ಲರೆ ಕೊಡಿ, ಬಸ್ಸು ಹೋಗುತ್ತೆ,” ಎಂದು ಗಿರಾಕಿಗಳು ಗೊಣಗುತ್ತಿದ್ದರು. ಇವನು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ವಿದ್ಯೆಯನ್ನಂತೂ ಚೆನ್ನಾಗಿಯೇ ಕಲಿತ. ರೈಲಿನ ಕೆಳಗೆ ಸಿಕ್ಕಿ ಚಪ್ಪಟೆಯಾದದ್ದು, ಯಾರೋ ಸುತ್ತಿಗೆಯಿಂದ ಜಜ್ಜಿದ್ದು, ಆಸಿಡ್ಡಿನಲ್ಲಿ ಬಿದ್ದು ಸವೆದದ್ದು, ಇವೆಲ್ಲ ‘ಬೀದಿ ಪೆಟ್ಟು’, ಕಾಸಿನ ಬೆಲೆಯಿಲ್ಲ. ಅಚ್ಚಿನ ಕೆಳಗೇ ಆದ ತಪ್ಪಾದರೆ ತೂಕ ಸರಿಯಿರಬೇಕು, ಲೋಹ ಜಜ್ಜಿರಬಾರದು, ಅಕ್ಷರದ ಅಂಚು ಚೂಪಾಗಿರಬೇಕು. ಇಷ್ಟು ಗೊತ್ತಿದ್ದೂ ಮೂರು ವರ್ಷದಲ್ಲಿ ಅವನು ಕೂಡಿಹಾಕಿದ್ದು ಎರಡು ಡಬ್ಬಿ ಬೀದಿ ಪೆಟ್ಟನ್ನೇ. ಬೇರೆಯವರು ತಂದದ್ದನ್ನು ಒಂದೇ ನೋಟಕ್ಕೆ ತಳ್ಳಿಹಾಕುವವನು, ತಾನು ಹೆಕ್ಕಿದ್ದಕ್ಕೆ ಮಾತ್ರ ಏನಾದರೊಂದು ನೆಪ ಹುಡುಕಿ ಚೀಟಿ ಅಂಟಿಸಿ ಬೆಲೆ ಬರೆಯುತ್ತಿದ್ದ. ಚೀಟಿಗಳ ಪ್ರಕಾರ ಅವನು ಆ ಬೀದಿಯ ದೊಡ್ಡ ಸಾಹುಕಾರ. ಚಪ್ಪಲಿಯ ಉಂಗುಷ್ಠ ಮಾತ್ರ ವರ್ಷದಿಂದ ತಂತಿಯಲ್ಲಿ ನಿಂತಿತ್ತು.

ಸಂಸಾರ ನಡೆಯುತ್ತಿದ್ದದ್ದು ಅರ್ಧಕ್ಕಿಂತ ಹೆಚ್ಚು ಹೆಂಡತಿಯ ಹೊಲಿಗೆಯಿಂದ. ಮನೆ ಎಂದರೆ ಒಂದೇ ಕೋಣೆ. ಒಲೆಗೂ ಮಂಚಕ್ಕೂ ನಡುವೆ ಅವಳ ಮಿಷನ್ನು. ಅಳತೆ ಕೊಡಲು ಹೆಂಗಸರು ಬಂದರೆ ಇವನು ಎದ್ದು ಹೊರಗೆ ಮೆಟ್ಟಿಲ ಮೇಲೆ ನಿಲ್ಲಬೇಕು; ಒಗ್ಗರಣೆ ಸಿಡಿದರೆ ಗಿರಾಕಿಯ ಬಟ್ಟೆಗೆ ಕಲೆ. ಹನ್ನೊಂದು ವರ್ಷ ಹೀಗೇ ಹೊಲಿದ ಮೇಲೆ ಮೂಲೆಯ ಕಟ್ಟಡದಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಬೀದಿಗೆ ಕಿಟಕಿ, ಒಳಗೊಂದು ಪರದೆ ಕಟ್ಟುವಷ್ಟು ಜಾಗ. ಅದರ ಒಡತಿ, ಹಿಂದೆ ಆಸ್ಪತ್ರೆಯಲ್ಲಿದ್ದ ನರ್ಸಮ್ಮ, ಕಡ್ಡಿ ಮುರಿದಂತೆ ಹೇಳಿದ್ದಳು: “ಮುಂಗಡ ನಲವತ್ತು ಸಾವಿರ. ನಿನ್ನ ಮುಖ ನೋಡಿ ತಿಂಗಳ ಕೊನೆವರೆಗೆ ಕಾಯ್ತೀನಿ. ಆಮೇಲೆ ಬಂದು ಅತ್ತರೆ ನಾನು ಕೇಳಲ್ಲ ಕಣಮ್ಮ.” ಹೆಂಡತಿಯ ಹತ್ತಿರ ಹತ್ತು ಸಾವಿರ ಇತ್ತು. ಉಳಿದದ್ದು ಎಲ್ಲಿಂದ ಎಂದು ಅವಳು ದಿನವಿಡೀ ಮಿಷನ್ನಿನ ಚಕ್ರವನ್ನೇ ದಿಟ್ಟಿಸುತ್ತಿದ್ದಳು.

ಆ ವಾರವೇ, ಪರದೆಯ ಅಂಚು ಹೊಲಿಸಿಕೊಂಡ ಹೆಂಗಸೊಬ್ಬಳು ಕೊಟ್ಟ ಚಿಲ್ಲರೆಯಲ್ಲಿ ಆ ಐದರ ನಾಣ್ಯ ಬಂತು. ಹೆಂಡತಿಗೆ ಮಸೂರವೇನೂ ಬೇಕಾಗಲಿಲ್ಲ. ಅಚ್ಚು ಅರ್ಧಕ್ಕರ್ಧ ಪಕ್ಕಕ್ಕೆ ಜಾರಿ, ಉಳಿದ ಅರ್ಧ ಬೋಳಾಗಿ ಹೊಳೆಯುತ್ತಿತ್ತು.

“ರೀ, ಇದು ನಿಮ್ಮ ಜಾತಿದು ನೋಡಿ.”

“ಬೀದಿ ಪೆಟ್ಟು,” ಎಂದ, ನೋಡದೆಯೇ.

“ನೋಡಿ ಹೇಳಿ ಅಂದೆ.”

ನೋಡಿದ. ತೂಗಿದ. ಮತ್ತೆ ತೂಗಿದ. ಊಟ ಬಿಟ್ಟು ನೋಡಿದ. ತೂಕ ಕರಾರುವಾಕ್ಕು, ಅಂಚು ಚೂಪು, ಬೋಳು ಭಾಗದಲ್ಲಿ ಜಜ್ಜಿದ ಗುರುತಿಲ್ಲ, ಜಾರಿದ ಅಚ್ಚಿನಲ್ಲಿ ಇಸವಿ ಮಾತ್ರ ಪೂರ್ತಿ ಉಳಿದಿದೆ. ಸಂಜೆ ಹೊತ್ತಿಗೆ ಅದು ‘ನಾವು ಹುಡುಕಿದ ನಾಣ್ಯ’ವಾಯಿತು. ಮಾರನೆಯ ದಿನ ಬೀದಿಯಲ್ಲಿ ಹೇಳುವಾಗ ‘ನಾನು ಹುಡುಕಿದ್ದು’.

ಎರಡೂ ಮಗ್ಗುಲಿನ ಚಿತ್ರ ತೆಗೆದು ಒಬ್ಬ ನಾಣ್ಯದ ವ್ಯಾಪಾರಿಗೆ ಕಳಿಸಿದರು. ವ್ಯಾಪಾರಿ ಫೋನಿನಲ್ಲಿ ಹೇಳಿದ್ದನ್ನು ಇಬ್ಬರೂ ಕಿವಿಯಿಟ್ಟು ಕೇಳಿದರು: “ಇಸವಿ ಪೂರ್ತಿ ಇದೆಯಲ್ಲ, ಅದೇ ಅದರ ಬೆಲೆ. ಚಿತ್ರದಲ್ಲಿ ಕಂಡ ಹಾಗೇ ಇದ್ರೆ ಮೂವತ್ತೈದು ಸಾವಿರ ಕೊಡ್ತೀನಿ. ತೊಳೀಬೇಡಿ, ಉಜ್ಜಬೇಡಿ. ಕಾಗದದ ಕವರಲ್ಲಿ ಹಾಕಿ ಭಾನುವಾರ ನಾಣ್ಯದ ಮೇಳಕ್ಕೆ ತನ್ನಿ.” ಕೆತ್ತಬೇಡಿ ಎಂದು ಆ ಪುಣ್ಯಾತ್ಮ ಹೇಳಲಿಲ್ಲ. ಯಾರಿಗೆ ತಾನೇ ಹೊಳೆಯುತ್ತೆ?

ಹೆಂಡತಿ ಆಗಲೇ ಮೂಲೆ ಕೋಣೆಯ ಕಿಟಕಿಗೆ ಅಳತೆ ತೆಗೆದುಕೊಂಡು ಬಂದಿದ್ದಳು. ಇವನು ಮಾತ್ರ ಆ ವ್ಯಾಪಾರಿಯನ್ನೂ ನಂಬಲಿಲ್ಲ. ಪಕ್ಕದ ಬೀಗ ರಿಪೇರಿಯವನ ಬಳಿ ಬಾಯಿಬಿಟ್ಟ. ಬೀಗದವನು ಜೀವನದಲ್ಲಿ ಒಂದೂ ನಾಣ್ಯ ಮಾರಿದವನಲ್ಲ, ಆದ್ದರಿಂದ ಅವನಿಗೆ ಎಲ್ಲವೂ ಗೊತ್ತಿತ್ತು.

“ನೋಡ್ತೀನಿ ಕೊಡಿ ಅಂತ ಈಸ್ಕೋತಾರೆ. ಮೇಜಿನ ಕೆಳಗೆ ಇನ್ನೊಂದು ಕೈ ಇರುತ್ತಪ್ಪ. ನಿನ್ನದು ಒಳಗೆ, ಅವರದು ಹೊರಗೆ. ಆಮೇಲೆ ಇದು ನಕಲಿ ಅಂತ ಮುಖಕ್ಕೆ ಎಸೀತಾರೆ. ಏನು ಸಾಕ್ಷಿ ಇಟ್ಕೊಂಡಿದ್ದೀಯ?”

ಸಾಕ್ಷಿ! ಆ ಮಾತು ಸೂಜಿಗಣ್ಣನ ತಲೆಯಲ್ಲಿ ಕೂತಿತು. ಶನಿವಾರ ಮಧ್ಯಾಹ್ನ, ಹೆಂಡತಿ ಬಟ್ಟೆ ಕೊಡಲು ಹೋದ ಹೊತ್ತಿನಲ್ಲಿ, ನಾಣ್ಯವನ್ನು ಮೆಟ್ಟಿಲ ಕೆಳಗೆ ತಂದು ಮೇಣದ ಮೇಲೆ ಅಲುಗದಂತೆ ಕೂರಿಸಿದ. ಎದುರಿಗೆ ಬೋಳು ಲೋಹ, ಕೈಯಲ್ಲಿ ಉಳಿ. ಇಪ್ಪತ್ತಾರು ವರ್ಷ ಕೆತ್ತಿದ ಕೈಗೆ ಖಾಲಿ ಜಾಗ ಕಂಡರೆ ಸುಮ್ಮನಿರಲು ಆಗುತ್ತದೆಯೇ? ಅಂಚಿನ ಬಳಿ, ಕೂದಲೆಳೆಯಷ್ಟು ಸಣ್ಣದಾಗಿ, ತನ್ನ ಹೆಸರಿನ ಮೊದಲಕ್ಷರ ಇಳಿಸಿದ. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಈಗ ಬದಲಾಯಿಸಲಿ ನೋಡೋಣ ಎಂದು ಮೀಸೆ ಸವರಿಕೊಂಡ. ಹೆಂಡತಿಗೆ ಹೇಳಲಿಲ್ಲ, ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು, ಬೀದಿಗೆಲ್ಲ ಡಂಗುರ ಹೊಡೆದವನೇ ತೀರ್ಮಾನಿಸಿದ.

ಮೇಳ ನಡೆದದ್ದು ಒಂದು ದೊಡ್ಡ ಸಭಾಂಗಣದಲ್ಲಿ. ಉದ್ದದ ಮೇಜುಗಳು, ಬಾಗಿದ ಬೆನ್ನುಗಳು, ಯಾರೂ ಯಾರ ಮುಖವನ್ನೂ ನೋಡದ ಜನ. ವ್ಯಾಪಾರಿ ಸ್ವೆಟರ್ ಹಾಕಿದ ಮುದುಕ. ಸೂಜಿಗಣ್ಣ ಅವನ ಕೈಯಿಂದ ಕಣ್ಣು ಕದಲಿಸಲಿಲ್ಲ. ಪಾಪ, ಮುದುಕನ ಎರಡು ಕೈಯೂ ಮೇಜಿನ ಮೇಲೇ ಇದ್ದವು. ಕವರಿನಿಂದ ನಾಣ್ಯ ತೆಗೆದ, ಅಂಚಿನಲ್ಲಿ ಹಿಡಿದ, ತೂಗಿದ, ತಲೆದೂಗಿದ. ಹೆಂಡತಿ ಸೆರಗಿನ ತುದಿ ಹಿಂಡಿಕೊಂಡು ನಿಂತಿದ್ದಳು. ಮುದುಕ ದೀಪ ಹತ್ತಿರ ಎಳೆದು, ಮಸೂರ ಇಟ್ಟು, ಹಾಗೆಯೇ ನಿಂತುಬಿಟ್ಟ. ಆಮೇಲೆ ಫೋನು ತೆಗೆದು ಅವರೇ ಕಳಿಸಿದ್ದ ಚಿತ್ರವನ್ನು ಹಿಗ್ಗಿಸಿ ನೋಡಿದ.

“ಇದು ಯಾರು ಮಾಡಿದ್ದು?”

“ಏನು?” ಎಂದಳು ಹೆಂಡತಿ.

“ಇಲ್ಲೊಂದು ಅಕ್ಷರ ಇದೆಯಲ್ಲಮ್ಮ. ಚಿತ್ರದಲ್ಲಿ ಇರಲಿಲ್ಲ.”

ಸೂಜಿಗಣ್ಣ ಗಂಟಲು ಸರಿಮಾಡಿಕೊಂಡ. “ಅದು ಗುರುತು. ನಮ್ಮ ಜಾಗ್ರತೆಗೆ. ನಿಮ್ಮನ್ನ ಅಂತಲ್ಲ, ಸಾಮಾನ್ಯವಾಗಿ.”

ಮುದುಕ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. “ಸ್ವಾಮಿ, ಟಂಕಸಾಲೆಯವರು ತಪ್ಪು ಮಾಡಿದ್ರೆ ಜನ ದುಡ್ಡು ಕೊಡ್ತಾರೆ. ನೀವು ಮಾಡಿದ್ದಕ್ಕೆ ಯಾರು ಕೊಡ್ತಾರೆ? ಇದನ್ನ ಈಗ ಕೆಟ್ಟ ನಾಣ್ಯ ಅಂತಲೇ ಮಾರಬೇಕು. ಎರಡು ಸಾವಿರ ಕೊಡಬಲ್ಲೆ. ಬೇಕಿದ್ರೆ ಸುತ್ತ ವಿಚಾರಿಸಿ ಬನ್ನಿ.”

“ನೋಡಿದ್ಯಾ? ಹೇಳಿರಲಿಲ್ವಾ ನಾನು, ಇವರೆಲ್ಲ ಕಳ್ಳರು!” ಸೂಜಿಗಣ್ಣ ಹೆಂಡತಿಯತ್ತ ತಿರುಗಿ ಕೂಗಿದ. ಅವಳು ಕವರು ಹಿಡಿದು ಇನ್ನೂ ನಾಲ್ಕು ಮೇಜು ಸುತ್ತಿದಳು. ಒಬ್ಬ ಸಾವಿರದೈನೂರು ಎಂದ, ಒಬ್ಬ ಸಾವಿರ ಎಂದ, ಇಬ್ಬರು ಬೇಡವೇ ಬೇಡ ಎಂದರು. ವಾಪಸು ಬಂದು ಮುದುಕನ ಕೈಯಿಂದ ಎರಡು ಸಾವಿರ ತೆಗೆದುಕೊಂಡು ಬ್ಲೌಸಿನೊಳಗೆ ಇಟ್ಟುಕೊಂಡಳು.

“ಕೆತ್ತನೆ ಮಾತ್ರ ತುಂಬ ಚೆನ್ನಾಗಿದೆ,” ಎಂದ ಮುದುಕ, ಮತ್ತೊಮ್ಮೆ ಮಸೂರದಲ್ಲಿ ಇಣುಕಿ. “ಯಾರ ಕೈ?”

ಹೇಳಲು ನಾಚಿಕೆ. ಅಷ್ಟರಲ್ಲೂ ನಮ್ಮ ಸೂಜಿಗಣ್ಣ ಕಾಲರ್ ಸರಿಮಾಡಿಕೊಂಡ.

ಬಸ್ಸಿನಲ್ಲಿ, ಮನೆಯಲ್ಲಿ, ಮುಂದಿನ ಹತ್ತು ದಿನ ಅವಳು ಬೈಯಲೇ ಇಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಬಡಿಸಿದಳು, ಹೊಲಿದಳು. ಬೈದುಬಿಟ್ಟರೆ ಲೆಕ್ಕ ಚುಕ್ತಾ ಎಂದು ಅವನು ಕಾದ. ತಿಂಗಳು ಮುಗಿಯಿತು. ನರ್ಸಮ್ಮ ಆಡಿದ ಮಾತಿನಂತೆ ಕೋಣೆಯನ್ನು ಬೇರೊಬ್ಬ ಹೊಲಿಗೆಯವಳಿಗೆ ಕೊಟ್ಟಳು. ಹೊಸಬಳು ಒಳ್ಳೆಯ ಹೆಂಗಸು; ಇವಳ ಕೈಕೆಲಸದ ಬಗ್ಗೆ ಕೇಳಿ ತಿಳಿದು, ದಿನಗೂಲಿಗೆ ಬರುತ್ತೀಯಾ ಎಂದಳು. ಇವಳು ಹೂಂ ಎಂದಳು. ಅದೇ ಕಿಟಕಿಯ ಬೆಳಕಲ್ಲಿ, ಅಳತೆ ತೆಗೆದುಕೊಂಡು ಬಂದಿದ್ದ ಅದೇ ಕಿಟಕಿಯ ಬೆಳಕಲ್ಲಿ, ಇನ್ನೊಬ್ಬಳ ಮಿಷನ್ನಿಗೆ ಕೂತಳು.

ಅಂಗಡಿಯ ಬಾಗಿಲಿಗೆ ಹಿತ್ತಾಳೆ ಫಲಕ ಬೇಕಿತ್ತು. ಆ ಬೀದಿಯಲ್ಲಿ ಕೆತ್ತುವವನು ಒಬ್ಬನೇ. ಆ ಹೊಸ ಹೊಲಿಗೆಯವಳ ಹೆಸರು ಬರೆದ ಚೀಟಿ ಹಿಡಿದು, ಊಟದ ಬಿಡುವಿನಲ್ಲಿ, ಹೆಂಡತಿಯೇ ಮೆಟ್ಟಿಲ ಕೆಳಗೆ ಬಂದಳು.

“ನಾಳೆಗೆ ಬೇಕಂತೆ.”

ಅವನು ಚೀಟಿ ಓದಿ ತಲೆ ತಗ್ಗಿಸಿದ. ಫಲಕ ಮೇಣಕ್ಕೆ ಕೂರಿಸಿದ. ಮಸೂರ ಸಿಕ್ಕಿಸಿಕೊಂಡ, ಉಳಿ ಎತ್ತಿ ಮತ್ತೆ ಕೆಳಗಿಟ್ಟ.

“ಒಂದ್ಸಲ ಬೈದುಬಿಡೇ,” ಎಂದ. “ಆ ಮುದುಕ ನಿಜವಾಗ್ಲೂ ಬದಲಾಯಿಸಿದ್ರೆ ಏನು ಮಾಡ್ತಿದ್ದೆ ಹೇಳು?”

“ಹೊರಗಿನವ್ರು ಮೋಸ ಮಾಡಿದ್ರು ಅಂತ ಎರಡು ದಿನ ಅತ್ತು ಸುಮ್ಮನಾಗ್ತಿದ್ದೆ.” ಅವಳು ಚಪ್ಪಲಿ ಮೆಟ್ಟಿದಳು. ಹೊರಟವಳು ನಿಂತಳು. “ಬೈಯೋದೇನಿಲ್ಲ. ಒಂದೇ ಒಂದು ಕೇಳಬೇಕು ಅಂತ ಅವತ್ತಿಂದ ಅಂದ್ಕೊಂಡಿದ್ದೀನಿ. ಆ ನಾಣ್ಯ ನನ್ನ ದುಡಿಮೇಲಿ ಬಂದಿದ್ದು. ಕಂಡವಳೂ ನಾನು. ಗುರುತು ಹಾಕಲೇಬೇಕಿದ್ರೆ, ನನ್ನ ಅಕ್ಷರ ಯಾಕೆ ಹಾಕಲಿಲ್ಲ ರೀ?”

ಸೂಜಿಗಣ್ಣ ಮಸೂರ ತೆಗೆದ. ಅವಳ ಅಕ್ಷರ ಬೇಡವೆಂದು ಯೋಚಿಸಿ ಕೈಬಿಟ್ಟಿದ್ದರೆ ಏನಾದರೂ ಹೇಳಬಹುದಿತ್ತು. ಆ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಅವಳು ಊಟದ ಬಿಡುವು ಮುಗಿಯಿತೆಂದು ಹೊರಟುಹೋದಳು.