ಮೂಗಿ ಕೂತ ಜಾಗ

ಓಣಿಯವರೆಲ್ಲ ಅವಳನ್ನು ಬೆಕ್ಕಿನಕ್ಕ ಎಂದೇ ಕರೆಯುತ್ತಿದ್ದರು. ಆದರೆ ಅವಳು ಹುಟ್ಟಿದಾಗಿನಿಂದ ಒಂದು ಬೆಕ್ಕನ್ನೂ ಸಾಕಿದವಳಲ್ಲ. ಸಾಕಿದ್ದು ನಾಯಿ; ಆ ನಾಯಿಯ ಹಿಂದೆ ಹೋಗಿ ಹುಡುಕುತ್ತಿದ್ದುದು ಜನ ಕಳೆದುಕೊಂಡ ಬೆಕ್ಕುಗಳನ್ನು. ನಾಯಿಯ ಹೆಸರು ಮೂಗಿ. ಬೊಗಳುವುದಿಲ್ಲವೆಂದು ಆ ಹೆಸರೋ, ಮೂಗಿನಿಂದಲೇ ಬದುಕುತ್ತದೆಂದೋ ಎಂದು ಯಾರಾದರೂ ಕೇಳಿದರೆ, ಎರಡಕ್ಕೂ ಅನ್ನುತ್ತಿದ್ದಳು.

ಅವಳಿಗೆ ನಲವತ್ತೇಳು. ಮೊದಲು ಬಟ್ಟೆ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು, ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಅಣ್ಣ ಪೊಲೀಸ್ ನಾಯಿಗಳನ್ನು ಪಳಗಿಸುವವನು. ಆರು ವರ್ಷದ ಹಿಂದೆ ಅರ್ಧ ಕಟ್ಟಿದ ಕಟ್ಟಡವೊಂದರಲ್ಲಿ ನಾಯಿಗೆ ಕಲಿಸುತ್ತಿದ್ದಾಗ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ಎರಡು ಊರುಗೋಲು. ಮನೆಯೋ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೊದಮೊದಲು ಇಬ್ಬರು ಅವನನ್ನು ಕುರ್ಚಿ ಸಮೇತ ಎತ್ತಿ ಆಸ್ಪತ್ರೆಗೆ ಇಳಿಸುತ್ತಿದ್ದರು. ಒಮ್ಮೆ ಕೆಳಗಿನ ಮನೆಯಾಕೆ ಬಾಗಿಲಲ್ಲಿ ನಿಂತು "ಅಯ್ಯೋ ಪಾಪ" ಎಂದದ್ದು ಅವನ ಕಿವಿಗೆ ಬಿತ್ತು. ಅವತ್ತಿನಿಂದ ಅವನು ಇಳಿಯಲೇ ಇಲ್ಲ. ಅಪ್ಪ ಅಮ್ಮ ಇರಲಿಲ್ಲ. ತಂಗಿ ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮೂಗಿಯನ್ನು ತಂದುಕೊಟ್ಟವನು ಅಣ್ಣನ ಹಳೆಯ ಜೊತೆಗಾರ. ಬೊಗಳದ ನಾಯಿ ತಮ್ಮ ಕೆಲಸಕ್ಕೆ ಬಾರದು ಎಂದು ಪೊಲೀಸರು ಅದನ್ನು ಬೇಡವೆಂದಿದ್ದರಂತೆ. ಅಣ್ಣ ಅದರ ಮೂಗನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಹೆದರಿದ ಬೆಕ್ಕು ಬೊಗಳುವ ನಾಯಿಯ ಸದ್ದು ಕೇಳಿದರೆ ಇನ್ನೂ ಒಳಗೆ ಸರಿಯುತ್ತದೆ, ಇದಕ್ಕೆ ಬೆಕ್ಕು ಹುಡುಕುವುದನ್ನೇ ಕಲಿಸೋಣ ಎಂದ.

ಏಳು ಗಾಜಿನ ಬಾಟಲಿಗಳು, ಮುಚ್ಚಳದಲ್ಲಿ ತೂತು. ಒಂದರಲ್ಲಿ ಬೆಕ್ಕಿನ ಕೂದಲು, ಉಳಿದವುಗಳಲ್ಲಿ ಹತ್ತಿ, ಉಣ್ಣೆ, ಕೋಳಿ ಪುಕ್ಕ. ಅವನು ಕುರ್ಚಿಯಲ್ಲಿ ಕೂತು ಹೇಳುವನು, ಇವಳು ಮಂಚದ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ, ಕೊನೆಗೆ ಮೆಟ್ಟಿಲ ಮೇಲೆ ಅಡಗಿಸಿಡುವಳು. ಸರಿಯಾದ ಬಾಟಲಿಯ ಮುಂದೆ ಸುಮ್ಮನೆ ಕೂತರೆ ಮೂಗಿಗೆ ಗಂಟು ಹಾಕಿದ ಹಳೆಯ ಕಾಲುಚೀಲ ಸಿಗುತ್ತಿತ್ತು. ಒಂದು ವರ್ಷ ಇದೇ ನಡೆಯಿತು. ಕೂದಲು ಬೇಡಲು ಅವಳು ಬೆಕ್ಕಿದ್ದ ಮನೆಮನೆಗೂ ಹೋದಳು. ಹೆಸರು ಅಂಟಿಕೊಂಡದ್ದು ಆಗಲೇ.

ಕೆಲಸ ಶುರುವಾದ ಮೇಲೆ ಅಣ್ಣ ಅವಳ ಕಿವಿಯಲ್ಲಿ ಕೂತ. ಹೊರಡುವಾಗಲೇ ಫೋನ್ ಹಚ್ಚಿ, ಕಿವಿಗೆ ವೈರು ಸಿಕ್ಕಿಸಿಕೊಳ್ಳಬೇಕು. ಬಾಲ ಹೇಗಿದೆ, ಬಾಯಿ ಮುಚ್ಚಿದೆಯಾ, ಗಾಳಿ ಯಾವ ಕಡೆಯಿಂದ, ಹಗ್ಗ ಸಡಿಲ ಬಿಡು, ಎಡಕ್ಕೆ ತಿರುಗು. ಅವಳ ಕೈಯಲ್ಲಿ ನಾಯಿಯ ಹಗ್ಗ, ಕಿವಿಯಲ್ಲಿ ಅಣ್ಣನ ಹಗ್ಗ. ಯಾರದೋ ಹಿತ್ತಿಲಲ್ಲಿ ಒಂದು ಲೋಟ ನೀರು ಕುಡಿದರೂ ಯಾಕೆ ನಿಂತೆ ಎಂದು ಕೇಳುತ್ತಿದ್ದ. ಅವಳು ಅಣ್ಣ ಹಾಕಿದ ಗೆರೆ ದಾಟಿದವಳಲ್ಲ. ಎಷ್ಟೋ ಬೆಕ್ಕುಗಳು ಸಿಕ್ಕಿದ್ದವು. ಅವನ ಮಾತು ಸುಳ್ಳಾದದ್ದೂ ಕಡಿಮೆ.

ಹಲ್ಲಿನ ಡಾಕ್ಟರಮ್ಮನ ಬೂದು ಬೆಕ್ಕು ಕಾಣೆಯಾಗಿ ಐದು ದಿನವಾಗಿತ್ತು. ಕೆಳಗೆ ಕ್ಲಿನಿಕ್, ಮೇಲೆ ಮನೆ. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಬಡಗಿ ಅದೇ ವಾರ ಗೋಡೆಯುದ್ದಕ್ಕೂ ಹೊಸ ಹಲಗೆ ಹೊಡೆದು ಮುಗಿಸಿದ್ದ. ಮೂಗಿ ನೇರ ಅಲ್ಲಿಗೆ ಹೋಯಿತು, ಮೂಲೆಯ ಹಲಗೆಯ ಮುಂದೆ ಕೂತಿತು.

ಅವಳು ಹೇಳಿದಾಗ ಅಣ್ಣ ಒಪ್ಪಲಿಲ್ಲ. ಬೆಕ್ಕು ದಿನಾ ಮಲಗುತ್ತಿದ್ದ ಕೋಣೆ, ಹಳೆಯ ವಾಸನೆ ಅಂಟಿರುತ್ತದೆ, ಹಿತ್ತಿಲ ಚರಂಡಿಯ ಕಡೆ ಹೋಗು ಎಂದ. ಅವಳು ಹಗ್ಗ ಎಳೆದಳು. ಮೂಗಿ ಏಳಲಿಲ್ಲ. ಎರಡನೇ ಸಲ ಜಗ್ಗಿದಾಗ ಎದ್ದಿತು, ಆದರೆ ಬಾಗಿಲು ದಾಟುವವರೆಗೂ ಹಿಂದಕ್ಕೇ ನೋಡುತ್ತಿತ್ತು. ಎರಡು ಗಂಟೆ ಚರಂಡಿ, ಸಂದಿಗೊಂದಿ ಅಲೆದರೂ ಏನೂ ಸಿಗಲಿಲ್ಲ.

ಅವತ್ತು ಅವಳಿಗೆ ಊಟ ಸೇರಲಿಲ್ಲ. ನಾಯಿ ಸುಳ್ಳು ಹೇಳುವುದಿಲ್ಲ ಎಂದು ಕಲಿಸಿದವನೇ ಅಣ್ಣ. ಆ ಮಾತನ್ನು ಅವನಿಗೇ ಹೇಳಲು ಬಾಯಿ ಬರಲಿಲ್ಲ.

ಮರುದಿನ ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ಅವಳು ಫೋನನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಮೂಗಿಯ ಜೊತೆ ಇಳಿದುಬಿಟ್ಟಳು. ಮೂಗಿ ಮತ್ತೆ ಅದೇ ಹಲಗೆಯ ಮುಂದೆ ಕೂತಿತು. ಬಡಗಿಯನ್ನು ಕರೆಸಿದರು. ಅವನು ಹಲಗೆಗೆ ಕಿವಿ ಕೊಟ್ಟ, ಸದ್ದಿಲ್ಲ ಎಂದ.

"ನಾಯಿ ಮೂಗು ತೂರಿಸಿದ ಕಡೆಯೆಲ್ಲ ಬಿಚ್ತಾ ಹೋದ್ರೆ ನಾನು ಮನೆ ಸೇರಿದ ಹಾಗೇ," ಎಂದು ನಕ್ಕ.

ಡಾಕ್ಟರಮ್ಮ ಹೊಸ ಹಲಗೆಯನ್ನೂ ಅವಳ ಮುಖವನ್ನೂ ನೋಡಿ, ನಿಮ್ಮಣ್ಣ ಏನಂತಾರೆ ಎಂದು ಕೇಳಿದರು.

"ಅವನು ಇಲ್ಲಿಲ್ಲ. ನಾನು ಹೇಳ್ತಿದೀನಿ, ಬಿಚ್ಸಿ."

ಬಡಗಿ ನಾಲ್ಕು ಸ್ಕ್ರೂ ತೆಗೆದು ಕೆಳಗಿನ ಹಲಗೆ ಸರಿಸಿದ. ಒಳಗೆ ನೀರಿನ ಪೈಪು, ಅದಕ್ಕೆ ಅಂಟಿಕೊಂಡು ಬೆಕ್ಕು. ಮೈತುಂಬ ಮರದ ಪುಡಿ, ಕಾಲೂರಿ ನಿಲ್ಲಲಾರದು. ಪೈಪಿನ ಸಂಧಿಯಲ್ಲಿ ಒಸರುವ ನೀರು ನೆಕ್ಕಿಕೊಂಡೇ ಜೀವ ಹಿಡಿದಿತ್ತು. ಅಷ್ಟು ದಿನ ಅದು ಕೂಗಿರಲಿಲ್ಲ. ಡಾಕ್ಟರಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಳುತ್ತಿದ್ದಾಗ ಇವಳು ಆ ಕತ್ತಲ ಸಂದಿಯನ್ನೇ ನೋಡುತ್ತ ನಿಂತಿದ್ದಳು. ತಿರುಗಲೂ ಜಾಗವಿರದ ಸಂದಿ.

ಮನೆಗೆ ಬಂದಾಗ ಅಣ್ಣ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ, ತೊಡೆಯ ಮೇಲೆ ಅವಳ ಫೋನು.

"ಮರೆತು ಹೋದ್ಯಾ, ಬಿಟ್ಟು ಹೋದ್ಯಾ?"

ಮರೆತೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಬಿಟ್ಟು ಹೋದೆ. ಬೆಕ್ಕು ಸಿಕ್ತು ಅಣ್ಣ, ಹಲಗೆ ಹಿಂದೇನೇ ಇತ್ತು."

ಅವನು ಮೂಗಿಯನ್ನು ಹತ್ತಿರ ಕರೆದು ಕಿವಿಯಲ್ಲಿದ್ದ ಮರದ ಪುಡಿಯನ್ನು ಚೂರುಚೂರೇ ತೆಗೆದ.

"ಇಲ್ಲಿ ಕೂತು ಗಾಳಿ ಆ ಕಡೆ, ಈ ಕಡೆ ಅಂತೀನಿ," ಎಂದ ಕೊನೆಗೆ. "ನಮ್ಮ ಕಿಟಕಿ ಎದುರು ಬರೀ ಗೋಡೆ. ಇಲ್ಲಿ ಗಾಳಿನೇ ಬರಲ್ಲ ಕಣೇ."

ಅವಳು ಮೂಗಿಯ ಕೊರಳಿನ ಹಗ್ಗ ಬಿಚ್ಚಿದಳು.

"ಇನ್ಮೇಲೆ ನಾನೇನೂ ಹೇಳಲ್ಲ. ಆದ್ರೆ ಫೋನ್ ಮಾತ್ರ ಬಿಟ್ಟು ಹೋಗ್ಬೇಡ. ಸುಮ್ನೆ ಕೇಳಿಸ್ಕೊಂಡು ಕೂತಿರ್ತೀನಿ. ರಸ್ತೆ ಸದ್ದು, ನಾಯಿ ಉಸಿರು... ಅಷ್ಟೇ."

ಆಗಲಿ ಎನ್ನದೆ ಬೇರೆ ದಾರಿಯಿರಲಿಲ್ಲ.

ಅವನು ಮಾತಿಗೆ ತಪ್ಪಲಿಲ್ಲ. ಅವಳೇ ನಾಯಿಯ ಬಾಲ ನೋಡಿ, ಅವಳೇ ತೀರ್ಮಾನಿಸಿ, ಮೊದಲಿಗಿಂತ ಹೆಚ್ಚು ಬೆಕ್ಕುಗಳನ್ನು ಹುಡುಕಿದಳು. ಆದರೆ ಕಿವಿ ಹಗುರಾಗಲಿಲ್ಲ. ಮಾತಿದ್ದಾಗ ಮನಸ್ಸಿನಲ್ಲಾದರೂ ಎದುರು ಮಾತಾಡಬಹುದಿತ್ತು. ಬರೀ ಉಸಿರಿಗೆ ಏನೆಂದು ಎದುರಾಡುವುದು? ಫೋನ್ ಕಿತ್ತಿಟ್ಟರೆ ಅವನ ರಸ್ತೆಯೇ ಕಡಿದುಹೋಗುತ್ತದೆ ಎಂಬುದು ಗೊತ್ತಾದ ಮೇಲಂತೂ ಕೈ ಆ ಕಡೆ ಹೋಗಲೇ ಇಲ್ಲ.

ಕಳೆದ ವಾರ ಒಂದು ಬೆಕ್ಕು ಬೆಳಗ್ಗೆ ಎಂಟಕ್ಕೇ ಸಿಕ್ಕಿಬಿಟ್ಟಿತು. ಅವಳು ಸಿಕ್ಕಿತೆಂದು ಅಣ್ಣನಿಗೆ ಹೇಳಲಿಲ್ಲ. ಬೆಕ್ಕನ್ನು ಸದ್ದಿಲ್ಲದೆ ಅದರ ಮನೆಯವರ ಕೈಗಿಟ್ಟು, ಪಾರ್ಕಿನ ಬೆಂಚಿನ ಮೇಲೆ ಕೂತಳು. ಮೂಗಿ ಅವಳ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿತು. ನಾಯಿಯ ಉಸಿರು ಕೇಳಿಯೇ ಅದು ಹುಡುಕುತ್ತಿದೆಯೋ ಮಲಗಿದೆಯೋ ಎಂದು ಅಣ್ಣ ಹೇಳಬಲ್ಲ. ಅದು ಅವಳಿಗೂ ಗೊತ್ತು. ಆದರೂ ಒಂದು ಗಂಟೆ ಹಾಗೇ ಕೂತಳು. ಆ ಕಡೆಯಿಂದ ಅವನೂ ಹೂಂ ಎನ್ನಲಿಲ್ಲ.

ಒಂಬತ್ತು ದಾಟಿದ ಮೇಲೆ, ಅವನ ಮಾತ್ರೆಯ ಹೊತ್ತು ಮೀರುತ್ತದೆಂದು, ಅವಳು ಎದ್ದು ಮನೆಯ ಕಡೆ ನಡೆದಳು.