ಅಜ್ಜಿಯ ಮಡಿಲು, ಕಾರಿನ ಬೆಲ್ಟು

ಅದನ್ನು ಮೊದಲ ಸಲ ಕಂಡಾಗ ಅತ್ತೆ ಕೇಳಿದ್ದು, "ಏನೇ ಅದು, ಊಟದ ಮಣೆನಾ?" ಮಣೆಯೇ ಅನ್ನಿ. ಮಡಚಿ ಚೀಲಕ್ಕೆ ಹಾಕಿಕೊಂಡು ಯಾರ ಕಾರಿಗೆ ಬೇಕಾದರೂ ಒಯ್ಯಬಹುದಾದ ಬೂಸ್ಟರ್ ಸೀಟು. ಆರು ವರ್ಷದ ನನ್ನ ಮಗಳು ಬರೀ ಸೀಟಿನ ಮೇಲೆ ಕೂತರೆ ಕಾರಿನ ಬೆಲ್ಟು ಅವಳ ಕುತ್ತಿಗೆಗೆ ಬರುತ್ತದೆ. ಇದರ ಮೇಲೆ ಕೂರಿಸಿದರೆ ಹೆಗಲ ಮೇಲೆ ಹಾಯುತ್ತದೆ, ಕೆಳಗಿನ ಪಟ್ಟಿ ಹೊಟ್ಟೆ ಬಿಟ್ಟು ತೊಡೆಯ ಬುಡಕ್ಕೆ ಇಳಿಯುತ್ತದೆ. ಆದರೆ ಮಗುವನ್ನು ಹಿಡಿಯುವುದು ಬೆಲ್ಟೇ ಹೊರತು ಮಣೆಯಲ್ಲ. ಬೆಲ್ಟಿಲ್ಲದಿದ್ದರೆ ಇದಕ್ಕೂ ದಿಂಬಿಗೂ ವ್ಯತ್ಯಾಸವಿಲ್ಲ. ಮನೆಯಲ್ಲಿ ಇದನ್ನು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು, ಯಾರ ಕಿವಿಗೂ ಹೋಗಲಿಲ್ಲ.

ಆ ಶುಕ್ರವಾರ ಕಡೂರಿನಿಂದ ಅಜ್ಜಂಪುರಕ್ಕೆ, ನಾದಿನಿಯ ಸೀಮಂತಕ್ಕೆ ಹೊರಟಿದ್ದೆವು. ನನ್ನ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಮೈದುನನ ಹೊಸ ಕಾರು. ಅವನು, ಅತ್ತೆ, ನಾನು, ಮಗಳು. ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿ ಬೆಲ್ಟು ಎಳೆದರೆ, ಸಿಕ್ಕಿಸಲು ಲಾಕೇ ಇಲ್ಲ. ಅಂದಕ್ಕೆಂದು ಹಾಕಿಸಿದ ಸೀಟ್ ಕವರಿನ ಅಡಿಯಲ್ಲಿ ಅದು ಮುಚ್ಚಿಹೋಗಿತ್ತು.

"ಹಿಂದೆ ಕೂತೋರು ಯಾರ್ ಅತ್ಗೆ ಬೆಲ್ಟ್ ಹಾಕ್ತಾರೆ?" ಅಂದ ಮೈದುನ.

"ರಾಹುಕಾಲ ಬಂದ್ಬಿಡುತ್ತೆ, ಮಗೀನ ನನ್ ಮಡ್ಲಿಗೆ ಕೊಡು" ಅಂದರು ಅತ್ತೆ. "ಮೂರ್ ಮಕ್ಳನ್ನ ಇದೇ ಮಡ್ಲಲ್ಲಿ ಕೂರಿಸ್ಕಂಡು ತರೀಕೆರೆ, ಲಕ್ಕವಳ್ಳಿ ಎಲ್ಲಾ ಸುತ್ತಿದೀನಿ. ಒಂದಾದ್ರೂ ಬಿದ್ದೋಯ್ತಾ?"

ನಾನು ಒಳಗೆ ಹೋಗಿ ಅಡುಗೆಮನೆಯ ಕತ್ತರಿ ತಂದೆ. ಲಾಕು ಉಬ್ಬಿಕೊಂಡಿದ್ದ ಜಾಗವನ್ನು ಕೈಯಲ್ಲಿ ತಡಕಿ, ಎರಡೂ ಕಡೆ ಕವರನ್ನು ಕತ್ತರಿಸಿದೆ. ಮೈದುನನ ಮುಖದಲ್ಲಿ ರಕ್ತವಿರಲಿಲ್ಲ. "ಶುಭಕಾರ್ಯಕ್ಕೆ ಹೊಂಟಾಗ ಕತ್ರಿ ಹಿಡ್ಕಂಡು ನಿಂತವ್ಳಲ್ಲ ಇವ್ಳು" ಎಂದು ಅತ್ತೆ ಗೇಟಿಗೆ ಹೇಳಿದರು, ನನಗಲ್ಲ. ಆದರೂ ಮಣೆಯ ಎರಡು ಬದಿಯ ಕೊಕ್ಕೆಯೊಳಗೆ ಪಟ್ಟಿ ತೂರಿಸಿ, ಟಕ್ಕೆನ್ನುವವರೆಗೆ ಒತ್ತಿ, ಎಳೆದು ನೋಡಿಯೇ ಮುಂದೆ ಹೋಗಿ ನನ್ನ ಬೆಲ್ಟು ಹಾಕಿಕೊಂಡು ಕೂತೆ. ಅತ್ತೆ ಮೊಮ್ಮಗಳ ಪಕ್ಕ ಕೂತರು. ಅವರಿಗೂ ಬೆಲ್ಟು ಹಾಕಿ ಅಂದೆ, ಕೇಳಿಸದವರಂತೆ ಕಿಟಕಿ ಕಡೆ ತಿರುಗಿದರು. ನಾದಿನಿಗೆ ಕೊಡಬೇಕಾದ ಮಡಿಲಕ್ಕಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡರು. ಅಕ್ಕಿ, ಬೆಲ್ಲ, ಎರಡು ತೆಂಗಿನಕಾಯಿ; ಎಲ್ಲಾ ಸೇರಿ ಒಂದು ಕೂಸಿನ ಭಾರವಿತ್ತು.

ಬೀರೂರಿನಲ್ಲಿ ಮಗಳು ಶುರು ಮಾಡಿದಳು, ಅಜ್ಜಿ ತೊಡೆ ಬೇಕು ಅಂತ. "ನಿಮ್ಮಮ್ಮ ಬಿಡಲ್ಲ ಕಣವ್ವಾ, ನಾನೇನ್ ಮಾಡ್ಲಿ" ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಊರು ದಾಟಿ ಅಜ್ಜಂಪುರದ ರಸ್ತೆಗೆ ತಿರುಗಿದ ಮೇಲೆ ಅವಳ ಅಳು ನಿಂತಿತು. ಏನೋ ಅನುಮಾನ ಬಂದು ಹಿಂದೆ ನೋಡಿದರೆ, ಅತ್ತೆಯ ಹೆಬ್ಬೆರಳು ಲಾಕಿನ ಕೆಂಪು ಗುಂಡಿಯ ಮೇಲಿದೆ.

"ಅತ್ತೆ, ಕೈ ತೆಗೀರಿ."

ಮದುವೆಯಾಗಿ ಬಂದಾಗಿನಿಂದ ನಾನು ಅವರೊಡನೆ ಆ ದನಿಯಲ್ಲಿ ಮಾತಾಡಿರಲಿಲ್ಲ. ಮೈದುನ ಪಕ್ಕಕ್ಕೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದ. ಅತ್ತೆ ಕೈ ತೆಗೆದರು, ಗಂಟನ್ನು ಎರಡೂ ಕೈಯಲ್ಲಿ ಅವುಚಿಕೊಂಡರು, ಕಣ್ಣಲ್ಲಿ ನೀರು. ಅಜ್ಜಂಪುರ ತಲುಪಿದ ಕೂಡಲೇ ಇದು ನೆಂಟರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೆ. ಗೊತ್ತಾದರೆ ಆಗಲಿ, ಲಾಕು ಬಿಚ್ಚುವುದು ಮಾತ್ರ ಬೇಡ ಎಂದು ಆಗಾಗ ಕತ್ತು ತಿರುಗಿಸಿ ಹಿಂದೆ ನೋಡುತ್ತಲೇ ಕೂತೆ.

ಕೆರೆ ಏರಿಯ ತಿರುವು ಮುಗಿಯುತ್ತಿದ್ದಂತೆ ರಸ್ತೆ ತುಂಬ ಕುರಿ. ಮೈದುನ ಬ್ರೇಕಿನ ಮೇಲೆ ನಿಂತೇಬಿಟ್ಟ. ನನ್ನ ಕಿವಿಯ ಪಕ್ಕದಿಂದ ಏನೋ ಹಾರಿ ಬಂದು ಮುಂದಿನ ಗಾಜಿಗೆ ಬಡಿಯಿತು. ಕಾರು ನಿಂತಾಗ ಕುರಿಯ ಮೂತಿಗೂ ನಮಗೂ ನಡುವೆ ಒಂದು ಮೊಳವೂ ಇರಲಿಲ್ಲ. ಗಾಜಿನಲ್ಲಿ ಬಿರುಕು, ನನ್ನ ತಲೆ ತುಂಬ ಅಕ್ಕಿ, ಗೇರಿನ ಬುಡದಲ್ಲಿ ಒಡೆದ ತೆಂಗಿನಕಾಯಿ.

ಹಿಂದೆ ನೋಡಲು ಭಯ. ನೋಡಿದೆ. ಮಗಳು ಮಣೆಯ ಮೇಲೆ, ಕೂರಿಸಿದ ಜಾಗದಲ್ಲೇ ಕೂತಿದ್ದಳು, ಬೆಲ್ಟು ಹೆಗಲಿಗೆ ಬಿಗಿದಿತ್ತು. "ಅಮ್ಮಾ, ಅಕ್ಕಿ" ಅಂದಳು. ಅತ್ತೆಯ ಹಣೆ ಮುಂದಿನ ಸೀಟಿಗೆ ತಾಗಿ ಕೆಂಪಾಗಿತ್ತು. ಅವರು ಅದನ್ನು ಮುಟ್ಟಿಕೊಳ್ಳಲೂ ಇಲ್ಲ. ಖಾಲಿಯಾದ ಎರಡು ಕೈಗಳನ್ನೂ ಮುಂದೆ ಚಾಚಿಕೊಂಡು ನೋಡುತ್ತಿದ್ದರು.

"ಗಟ್ಯಾಗಿ ತಬ್ಕಂಡಿದ್ದೆ ಕಣೇ" ಅಂದರು. "ಬಿಟ್ಟಿದ್ದೇ ಗೊತ್ತಾಗ್ಲಿಲ್ಲ."

ಈಗಲಾದರೂ ಗೊತ್ತಾಯಿತಾ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಬೆಳಿಗ್ಗೆಯಿಂದ ಆಡಲು ಕಾದಿದ್ದೆ. ಆದರೆ ಅವರ ಕೈಗಳು ಇನ್ನೂ ಹಾಗೇ ಚಾಚಿದ್ದು ನೋಡಿ ಅದನ್ನು ನುಂಗಿಕೊಂಡೆ.

"ಅಕ್ಕಿ ತಾನೆ ಅತ್ತೆ, ಹೋಗ್ಲಿ ಬಿಡಿ" ಅಂದೆ.

ಅವರು ಮೊಮ್ಮಗಳ ಕಡೆ ತಿರುಗಿದರು. "ಅಕ್ಕಿ ತಾನೆ" ಎಂದು ನನ್ನ ಮಾತನ್ನೇ ಹೇಳಲು ಹೋಗಿ, ಸೆರಗನ್ನು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು.