ಹೊಸಿಲ ಮುಂದಿನ ಕಮಲ

ನಮ್ಮ ತುಮಕೂರಿನ ಮನೆಗೆ ಬಂದ ಯಜಮಾನರ ದೊಡ್ಡಮ್ಮ ಚಪ್ಪಲಿ ಬಿಟ್ಟವರೇ, ಎತ್ತಿದ ಕಾಲು ಇಡದೆ ಹೊಸಿಲಾಚೆಯೇ ನಿಂತುಬಿಟ್ಟರು.

“ಒಳಗೆ ಬನ್ನಿ ದೊಡ್ಡತ್ತೆ” ಎಂದೆ.

“ಹೆಂಗ್ ಬರ್ಲವ್ವ? ಬಾಗ್ಲು ತುಂಬ ರಂಗೋಲಿ ಬುಟ್ಟಿದೀಯ, ತುಳ್ಕಂಡ್ ಬರ್ಲಾ?”

ಅದು ರಂಗೋಲಿಯಲ್ಲ, ಕಾಲೊರೆಸುವ ಮ್ಯಾಟು. ಹರಿದ ಪಂಚೆಯ ಮೇಲೆ ನನ್ನ ಹಳೇ ರವಿಕೆಗಳ ಚೂರು ಜೋಡಿಸಿ ಎಂಟೆಸಳಿನ ಕಮಲ ಹೊಲಿದಿದ್ದೆ. ‘ನೆಂಟರು ಬರೋ ಮುಂಚೆ ಆ ಚಿಂದಿ ಬಿಸಾಕು’ ಎಂದು ಯಜಮಾನರು ಬೆಳಿಗ್ಗೆಯಷ್ಟೇ ಗದರಿದ್ದರು. ನನಗೆ ಕೈ ಬಂದಿರಲಿಲ್ಲ.

ದೊಡ್ಡತ್ತೆ ಬಗ್ಗಿ ಮುಟ್ಟಿದರು. “ಅಯ್ಯೋ ಶಿವ್ನೇ, ಬಟ್ಟೆ! ಇದನ್ ತುಳಿಯಾಕೆ ಮನ್ಸ್ ಹೆಂಗ್ ಬತ್ತದೆ ಕಣವ್ವ?” ನನ್ನ ಹಿಂದೆಯೇ ನಿಂತಿದ್ದ ಯಜಮಾನರು ಅದನ್ನೆತ್ತಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ದಾರಿ ಬಿಟ್ಟರು.

ಕೈಗಿಷ್ಟು ಕೆಲಸ ಕೊಟ್ಟ ಶಿವ ದೊಡ್ಡವನು. ಅಂದಿನಿಂದ ಮನೆಯಲ್ಲಿ ಯಾವ ಬಟ್ಟೆ ಹರಿದರೂ ಯಜಮಾನರೇ ತಂದು ನನ್ನ ಹೊಲಿಗೆ ಮಿಷನ್ನಿನ ಪಕ್ಕ ಇಡುತ್ತಾರೆ.